ನಿಮ್ಮೂರ ಪಿನ್‌ಕೋಡ್ ಒಡೆದು ನೋಡುವುದು ಹೇಗೆ

ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಡುತ್ತೇನೆ. ಅಪವರ್ತನದ ಪಾಠಕ್ಕೆ 36, 48 ಬಿಟ್ಟು ಅವರ ವಿಳಾಸದಲ್ಲೇ ಇರುವ ದೊಡ್ಡ ಸಂಖ್ಯೆ ಹಿಡಿಯುತ್ತೇನೆ. ಮಂಡ್ಯದ್ದು 571401, ಮೈಸೂರಿನದು 570001. ಪೆನ್ಸಿಲು, ರಫ್ ಹಾಳೆ ತಗೊಳ್ಳಿ.

ಎರಡೂ 1ರಲ್ಲಿ ಮುಗಿಯುತ್ತವೆ, ಹಾಗಾಗಿ 2, 5ರ ಮಾತೇ ಇಲ್ಲ.

ಈಗ ಮಂಡ್ಯದ್ದನ್ನು ಮೂರು ಮೂರು ಅಂಕಿಯ ಎರಡು ತುಂಡು ಮಾಡಿ: 571, 401. ಕೂಡಿದರೆ 972. ಇದು 27×36. ಅಂದರೆ ಇಡೀ 571401 ಕೂಡ 27ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಯಾಕೆ? ನಮ್ಮ ಸಂಖ್ಯೆಯಲ್ಲಿ 571 ಸಾವಿರಗಳಿವೆ, ಮೇಲೆ 401. ಪ್ರತಿ ಸಾವಿರವನ್ನೂ 999 ಮತ್ತು 1 ಎಂದು ಬಿಡಿಸಿ. 999 ಎಂದರೆ 27×37, ಅದರ ಚಿಂತೆ ಬೇಡ. ಉಳಿಯುವುದು 571 ಒಂದುಗಳು, ಜೊತೆಗೆ 401. ಅಂಕಿಗಳನ್ನು ಕೂಡಿ 9ರಿಂದ ನೋಡು ಅಂತ ಶಾಲೆಯಲ್ಲಿ ಹೇಳುತ್ತಾರಲ್ವಾ, ಇದು ಅದರ ಅಣ್ಣ. 37 ಕೂಡ ಇಲ್ಲೇ ತೀರ್ಮಾನವಾಯಿತು: 972 ಅದರಿಂದ ಭಾಗವಾಗುವುದಿಲ್ಲ.

ಅವೇ ತುಂಡುಗಳನ್ನು ಕಳೆಯಿರಿ: 170. ಸಾವಿರ ಅಂದರೆ 1001ಕ್ಕೆ ಒಂದು ಕಮ್ಮಿ, 1001 ಅಂದರೆ 7×11×13. ಹಾಗಾಗಿ ವ್ಯತ್ಯಾಸ ಈ ಮೂರರಲ್ಲಿ ಯಾವುದರಿಂದ ಭಾಗವಾಗುತ್ತದೋ, ಸಂಖ್ಯೆಯೂ ಅದರಿಂದ ಆಗುತ್ತದೆ. 170 ಯಾವುದರಿಂದಲೂ ಆಗಲ್ಲ. ಇದನ್ನು ಮಕ್ಕಳಿಗೆ ಸುಮ್ನೆ ಬಾಯಿಪಾಠ ಮಾಡಿಸಬೇಡಿ, ಕಾರಣ ಹೇಳಿಸಿ.

27ರಿಂದ ಭಾಗಿಸಿದರೆ ಉಳಿಯುವುದು 21163. 146ರ ವರ್ಗ 21316, ಆಗಲೇ ದಾಟಿತು. ಆದ್ದರಿಂದ 145ರ ಒಳಗಿನ ಅವಿಭಾಜ್ಯ ಸಂಖ್ಯೆಗಳನ್ನು ನೋಡಿದರೆ ಸಾಕು. ಯಾವುದರಿಂದಲೂ ಭಾಗವಾಗಲ್ಲ. ಮಂಡ್ಯ ಅಂದರೆ 3×3×3×21163.

ಮೈಸೂರು ಗಟ್ಟಿ. ಕೂಡಿದರೆ 571, ಕಳೆದರೆ 569, ಎರಡೂ ಏನೂ ಬಿಟ್ಟುಕೊಡುವುದಿಲ್ಲ. ವರ್ಗಮೂಲ 755ಕ್ಕೆ ಸ್ವಲ್ಪ ಕಮ್ಮಿ. ಅಲ್ಲಿಯ ತನಕ 133 ಅವಿಭಾಜ್ಯ ಸಂಖ್ಯೆಗಳಿವೆ. ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ, ಮಕ್ಕಳಿಗೆ ಹಂಚಿಕೊಡಿ. 647 ಆಸೆ ಹುಟ್ಟಿಸುತ್ತದೆ, ಆದರೆ 647×881 ಅಂದರೆ 570007, ಆರು ಜಾಸ್ತಿ. ಕೊನೆಗೂ ಒಂದೂ ಸಿಗುವುದಿಲ್ಲ. 570001 ಅವಿಭಾಜ್ಯ!

ಅಲ್ಲಿಗೇ ನಿಲ್ಲಿಸಬೇಡಿ. 4ರಿಂದ ಭಾಗಿಸಿದರೆ ಶೇಷ 1 ಬರುವ ಅವಿಭಾಜ್ಯ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗಿಯೇ ಆಗುತ್ತದೆ, ಅದೂ ಒಂದೇ ಒಂದು ರೀತಿಯಲ್ಲಿ. 17ನೇ ಶತಮಾನದಲ್ಲಿ ಫರ್ಮಾ ಹೇಳಿದ ಮಾತು, ಮುಂದೆ ಆಯ್ಲರ್ ಸಾಧಿಸಿ ತೋರಿಸಿದರು. ಮೈಸೂರಿನ ಜೋಡಿ 624, 425. ವರ್ಗ ಮಾಡಿ ಕೂಡಿ ನೋಡಿ: 389376, 180625. 571401ಕ್ಕೂ ಶೇಷ 1 ಬರುತ್ತದೆ, ಆದರೆ ಅದರೊಳಗೆ 3 ಬೆಸ ಸಲ ಕೂತಿರುವುದರಿಂದ ಇಂಥ ಜೋಡಿ ಸಿಗಲ್ಲ.

ಶ್ರೀರಂಗಪಟ್ಟಣದ 571438 ಮಾತ್ರ ತಪ್ಪದೆ ಮಾಡಿಸಿ. 571ರಲ್ಲಿ 438 ಕಳೆದರೆ 133, ಅಂದರೆ 7×19. 7 ಸಿಕ್ಕಿತು. ಭಾಗಿಸಿ: 81634. ಮತ್ತೆ 7ರಿಂದ: 11662. ಮತ್ತೆ: 1666. ಮತ್ತೆ: 238. ಮತ್ತೆ: 34. ಐದು ಸಲ 7, ಕೊನೆಗೆ ಉಳಿದದ್ದು 2×17.