ಯಾರಿಗೆ ಏನು ಗೊತ್ತು ಅನ್ನೋ ಪುಸ್ತಕ

ಮನೆಮಂದಿಯ ಕಾಮಿಡಿ ಸೀರಿಯಲ್ ಇನ್ನೂರು ಕಂತು ದಾಟಿದ ಮೇಲೆ ಜೋಕು ಖಾಲಿಯಾಗಿ ನಿಲ್ಲುವುದು ಕಮ್ಮಿ, ಲೆಕ್ಕ ತಪ್ಪಿ ಕೆಡುವುದೇ ಹೆಚ್ಚು. ಮಾವನಿಗೆ ಸಕ್ಕರೆ ಕಾಯಿಲೆ ಅಂತ ಮೂವತ್ತನೇ ಕಂತಿನಲ್ಲಿ ಹೇಳಿಬಿಟ್ಟು, ಇನ್ನೂರ ಹತ್ತರಲ್ಲಿ ಅವರ ತಟ್ಟೆಗೆ ಎರಡು ಹೋಳಿಗೆ ಬಡಿಸಿದರೆ ನೋಡುವವರು ಸುಮ್ಮನಿರುವುದಿಲ್ಲ. ಅದಕ್ಕೇ ಟೀಮಿನಲ್ಲಿ ಒಬ್ಬ ಅಸೋಸಿಯೇಟ್ ಡೈರೆಕ್ಟರ್‌ಗೆ ಬೇರೆ ಕೆಲಸ ಕೊಡದೆ ಕಂಟಿನ್ಯೂಟಿ ಪುಸ್ತಕ (ಹಿಂದಿನ ಕಂತಿಗೆ ಮುಂದಿನದು ಹೊಂದುವ ಹಾಗೆ ವಿವರ ಬರೆದಿಡುವ ಪುಸ್ತಕ) ಒಪ್ಪಿಸಬೇಕು ಅನ್ನುವುದು ನನ್ನ ಮೊದಲ ಪಟ್ಟು.

ಪುಸ್ತಕ ಅಂದರೆ ಈಗ ಗೂಗಲ್ ಶೀಟ್. ಶೂಟಿಂಗ್ ದಿನ ಅದರ ಪ್ರಿಂಟ್ ಮಾನಿಟರ್ ಪಕ್ಕ ಇರುತ್ತದೆ. ಕಂತಿನ ಸಂಖ್ಯೆ, ಪ್ರಸಾರದ ತಾರೀಖು, ಕಥೆಯೊಳಗಿನ ದಿನ, ಮನೆಯ ದುಡ್ಡಿನ ಸ್ಥಿತಿ, ಕಾಸ್ಟ್ಯೂಮ್, ಮುಂದಿನ ಕಂತಿಗೂ ಉಳಿಯುವ ವಸ್ತುಗಳು, ಇವಕ್ಕೆ ಒಂದೊಂದು ಕಾಲಂ. ಇವೆಲ್ಲ ಯಾರು ಬೇಕಾದರೂ ತುಂಬುತ್ತಾರೆ. ಜೀವ ಇರುವುದು ಇವುಗಳ ಪಕ್ಕದ ಕಾಲಂಗಳಲ್ಲಿ: ಪ್ರತಿ ಪಾತ್ರಕ್ಕೂ ಒಂದು, ಯಾರಿಗೆ ಯಾವ ಸುಳ್ಳು ಗೊತ್ತು ಅಂತ.

ಈ ಬಗೆಯ ಕಾಮಿಡಿಯ ಹತ್ತು ಕಥೆಗಳಲ್ಲಿ ಎಂಟರ ಬುಡದಲ್ಲಿ ಒಂದು ಸುಳ್ಳಿರುತ್ತದೆ. ಹಾಗಾಗಿ ಪ್ರತಿ ಪಾತ್ರದ ಮುಂದೆ ಮೂರರಲ್ಲಿ ಒಂದು ಗುರುತು ಹಾಕುತ್ತೇವೆ. ‘ಗೊ’ ಅಂದರೆ ಗೊತ್ತು, ‘ಇ’ ಅಂದರೆ ಇಲ್ಲ, ‘ನ’ ಅಂದರೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಟನೆ. ಮಗ ಬೈಕ್ ಮಾರಿದ್ದಾನೆ ಅನ್ನಿ. ಮಗ ಗೊ, ಅಪ್ಪ ಇ, ಅಮ್ಮ ನ.

ಅಪ್ಪ: ಬೈಕ್ ಎಲ್ಲೋ?
ಮಗ: ಸರ್ವೀಸಿಗೆ ಬಿಟ್ಟಿದೀನಪ್ಪ.
ಅಪ್ಪ: ಹೋದ ವಾರಾನೂ ಸರ್ವೀಸು.
ಅಮ್ಮ: (ಲೋಟಕ್ಕೆ ಡಿಕಾಕ್ಷನ್ ಹಾಕುತ್ತಾ) ಅದಕ್ಕೂ ವಯಸ್ಸಾಯ್ತಲ್ರೀ, ನಿಮ್ಮ ಹಾಗೆ.

ಅಮ್ಮ ‘ಇ’ ಆಗಿದ್ದರೆ ಕೊನೆಯ ಮಾತು ಬರೀ ಗಂಡನನ್ನು ಚುಚ್ಚಿದ್ದು. ಅವಳು ‘ನ’ ಆಗಿರುವುದರಿಂದ ಅದೇ ಮಾತು ಮಗನನ್ನು ಉಳಿಸುತ್ತದೆ, ಗಂಡನನ್ನು ಬೇರೆ ಕಡೆ ಎಳೆಯುತ್ತದೆ, ಅವಳಿಗೆ ಎಲ್ಲ ಗೊತ್ತು ಅಂತ ಮಗನಿಗೂ ಮುಟ್ಟಿಸುತ್ತದೆ. ಈ ಸೀನ್ ಆದ ಕೂಡಲೇ ಪುಸ್ತಕದಲ್ಲಿ ಮಗನ ಮುಂದೆ ‘ಅಮ್ಮನಿಗೆ ಗೊತ್ತು ಅಂತ ಗೊತ್ತು’ ಎಂದು ಬರೆಯಬೇಕು. ಇದನ್ನು ಬಿಟ್ಟರೆ ಮೂರು ಕಂತು ಕಳೆದ ಮೇಲೆ ಇನ್ನೊಬ್ಬ ಸಂಭಾಷಣೆಕಾರ ಅದೇ ಮಗನ ಕೈಲಿ ಅಮ್ಮನ ಹತ್ತಿರ ಗುಟ್ಟು ಬಚ್ಚಿಡಿಸುತ್ತಾನೆ. ಎಲ್ಲರ ಕಾಲಂನಲ್ಲೂ ‘ಗೊ’ ಬಂದ ದಿನ ಆ ಟ್ರ್ಯಾಕ್, ಅಂದರೆ ಆ ಸುಳ್ಳಿನ ಕಥೆಯ ಎಳೆ, ಮುಗಿಯಿತು. ಒಂದು ‘ಇ’ ಉಳಿದಿದ್ದರೂ ಇನ್ನೆರಡು ಕಂತು ಎಳೆಯಬಹುದು, ಆಚೆಗೆ ಬೇಡ.

ಅರ್ಧ ಗಂಟೆಯ ಸ್ಲಾಟ್‌ನಲ್ಲಿ ನಮ್ಮ ಕೈಗೆ ಬರುವುದು ಸುಮಾರು 22 ನಿಮಿಷ. ಟೈಟಲ್ಲು, ರೀಕ್ಯಾಪು ಕಳೆದು ಏಳೆಂಟು ಸೀನ್, ಒಂದೊಂದು ಮೂರು ನಿಮಿಷದೊಳಗೆ. ನಾಲ್ಕು ನಿಮಿಷ ದಾಟುವ ಸೀನ್ ಇದ್ದರೆ ನಡುವೆ ಯಾರಾದರೂ ಬಾಗಿಲು ತಟ್ಟಲೇಬೇಕು. ಅದಕ್ಕೆ ಮನೆಯ ಹಾಲ್‌ಗೆ ಕನಿಷ್ಠ ಮೂರು ದಾರಿ ಬೇಕು: ಮುಂಬಾಗಿಲು, ಅಡುಗೆಮನೆ, ಒಂದು ರೂಮು. ರೂಮಿನಲ್ಲಿ ಬಚ್ಚಿಟ್ಟುಕೊಂಡವನು ಹಾಲ್ ದಾಟದೆ ಹೊರಗೆ ಹೋಗಲು ಆಗಬಾರದು. ಬಾಡಿಗೆ ಶೂಟಿಂಗ್ ಮನೆ ನೋಡುವಾಗ ಗೋಡೆಯ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಇದನ್ನ. ಬಣ್ಣ ಒಂದು ದಿನದಲ್ಲಿ ಬದಲಾಗುತ್ತದೆ, ಬಾಗಿಲು ಬದಲಾಗಲ್ಲ.

ಈಗ ಪ್ರಾಂಪ್ಟಿಂಗ್. ನಮ್ಮ ಸೀರಿಯಲ್‌ಗಳಲ್ಲಿ ಕ್ಯಾಮೆರಾ ಹಿಂದಿನಿಂದ ಅಸಿಸ್ಟೆಂಟ್ ಸಂಭಾಷಣೆ ಓದುತ್ತಾನೆ, ಆರ್ಟಿಸ್ಟ್ ಕೇಳಿಸಿಕೊಂಡು ಹೇಳುತ್ತಾರೆ. ಅಳುವ ಸೀರಿಯಲ್‌ನಲ್ಲಿ ಆ ನಡುವಿನ ಖಾಲಿ ಜಾಗ ಭಾರವಾದ ಮೌನದ ಹಾಗೆ ಕಾಣುತ್ತದೆ, ನಡೆಯುತ್ತೆ. ಕಾಮಿಡಿಯಲ್ಲಿ ಅದೇ ಜಾಗ ಉತ್ತರವನ್ನು ಕೊಲ್ಲುತ್ತದೆ. ಹಾಗಂತ ಎದುರಿನವರು ಮಾತಾಡುವಾಗಲೇ ಮುಂದಿನ ಲೈನ್ ಓದಿದರೆ ಬಟ್ಟೆಗೆ ಸಿಕ್ಕಿಸಿದ ಲೇಪಲ್ ಮೈಕಿನಲ್ಲಿ ಎರಡೂ ದನಿ ಒಟ್ಟಿಗೆ ಬಿದ್ದು ಎಡಿಟರ್‌ಗೆ ಬಿಡಿಸಲು ಆಗುವುದಿಲ್ಲ. ನಾವು ಮಾಡುವುದಿಷ್ಟು: ಉದ್ದದ ಮಾತಿಗೆ ಮಾತ್ರ ಪ್ರಾಂಪ್ಟಿಂಗ್. ನಾಲ್ಕು ಪದದೊಳಗಿನ ಉತ್ತರಕ್ಕೂ, ನಗು ಬರಬೇಕಾದ ಕೊನೆಯ ಲೈನಿಗೂ ಬಾಯಿಪಾಠ. ಸೀನ್ ಪೇಪರ್‌ನಲ್ಲಿ ಆ ಲೈನ್‌ಗಳ ಕೆಳಗೆ ಕೆಂಪು ಗೆರೆ ಎಳೆದು, ಮೇಕಪ್ ರೂಮಿಗೇ ಕಳಿಸಿಬಿಡುವುದು. ಜೊತೆಗೆ ಸೀನ್ ಓಕೆ ಆದ ಮೇಲೆ ಪ್ರತಿಯೊಬ್ಬರದೂ ಹತ್ತು ಸೆಕೆಂಡಿನ ಮಾತಿಲ್ಲದ ರಿಯಾಕ್ಷನ್ ತೆಗೆದಿಟ್ಟುಕೊಳ್ಳಬೇಕು, ಪ್ರಾಂಪ್ಟರ್ ದನಿ ಕತ್ತರಿಸಿದ ಜಾಗ ಮುಚ್ಚುವುದು ಅದರಿಂದಲೇ. ಲೋಟದಲ್ಲಿ ಕಾಫಿ ಎಷ್ಟಿತ್ತು ಅನ್ನುವುದು ಆ ಹತ್ತು ಸೆಕೆಂಡಿಗೂ ಹೊಂದಬೇಕು. ಕುಡಿದು ಮುಗಿಸಿದ ಅಪ್ಪ ರಿಯಾಕ್ಷನ್‌ನಲ್ಲಿ ತುಂಬಿದ ಲೋಟ ಹಿಡಿದು ಕೂತಿರುವುದು ಎಷ್ಟೋ ಸೀರಿಯಲ್‌ಗಳಲ್ಲಿ ಕಾಣಸಿಗುತ್ತದೆ.

ಹಬ್ಬದ ಕಂತುಗಳನ್ನು ಹೋದ ವರ್ಷದ ಚಾರ್ಟ್ ನೋಡಿ ಪ್ಲಾನ್ ಮಾಡಬೇಡಿ. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, ಅಧಿಕಮಾಸ ಇರುವ 2026ರಲ್ಲಿ ಸೆಪ್ಟೆಂಬರ್ 14. ಬ್ಯಾಂಕಿಂಗ್ (ಶೂಟ್ ಮುಗಿದು ಪ್ರಸಾರಕ್ಕೆ ಕಾಯುತ್ತಿರುವ ಕಂತುಗಳ ದಾಸ್ತಾನು) ಹತ್ತು ಹನ್ನೆರಡು ಕಂತು ಇದ್ದಾಗ ಹಬ್ಬಕ್ಕೆ ಎರಡು ವಾರ ಮುಂಚೆಯೇ ಕಡುಬು ಕರಿಯಬೇಕು. ಬ್ಯಾಂಕಿಂಗ್ ಮೂರಕ್ಕೆ ಇಳಿದಿದ್ದರೆ ಹಬ್ಬದ ಕಂತು ಬಿಟ್ಟುಬಿಡುವುದೇ ವಾಸಿ. ಗಣೇಶನನ್ನು ಬಿಟ್ಟ ಮೇಲೆ ಟೀವಿಯಲ್ಲಿ ಕೂರಿಸಿದರೆ ಅದರಷ್ಟು ಪೇಲವ ಇನ್ನೊಂದಿಲ್ಲ.

ಮಕ್ಕಳ ಪಾತ್ರ ಇದ್ದರೆ ಸೀನ್ ಆರ್ಡರ್ ಅವರ ಸುತ್ತಲೇ ಕಟ್ಟಬೇಕು. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು, ಸಂಭಾವನೆಯ ಶೇ. 20ರಷ್ಟಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿಗೆ ಹೋಗಬೇಕು. ಆದ್ದರಿಂದ ಹುಡುಗ ಇರುವ ನಾಲ್ಕು ಕಂತಿನ ಸೀನ್‌ಗಳನ್ನು ಒಟ್ಟುಗೂಡಿಸಿ ಒಂದೇ ಬೆಳಗ್ಗೆ ತೆಗೆಯುತ್ತೇವೆ. ಆಗ ಕಾಸ್ಟ್ಯೂಮ್ ಕಾಲಂ ಕೆಲಸಕ್ಕೆ ಬರುತ್ತದೆ. ವಯಸ್ಸಿನದು ಬೇರೆಯೇ ತಲೆನೋವು. ‘ದಿ ಸಿಂಪ್ಸನ್ಸ್’ 1989ರಿಂದ ನಡೆಯುತ್ತಿದ್ದರೂ ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ, ಅದು ಕಾರ್ಟೂನ್. ನಮ್ಮ ಹುಡುಗನಿಗೆ ಮೀಸೆ ಚಿಗುರುತ್ತದೆ. ಮೊದಲ ಕಂತಿನಿಂದಲೇ ಕ್ಲಾಸ್ ಎಷ್ಟು ಅಂತ ಯಾರ ಬಾಯಲ್ಲೂ ಹೇಳಿಸದೆ, ‘ಸ್ಕೂಲು’ ಅಂತ ಮಾತ್ರ ಅನ್ನಿಸುತ್ತಾ ಹೋದರೆ ಎರಡು ವರ್ಷ ಸಿಗುತ್ತದೆ.

ಆರ್ಟಿಸ್ಟ್ ಬಿಟ್ಟು ಹೋದರೆ ಪಾತ್ರವನ್ನು ಸಾಯಿಸಬೇಡಿ. ಸಾಯಿಸಿದರೆ ಕಥೆಯಲ್ಲಿ ಹದಿಮೂರು ದಿನ ಆ ಮನೆಯಲ್ಲಿ ಯಾರೂ ನಗಿಸುವ ಹಾಗಿಲ್ಲ. ತಿಥಿ ಮಾರನೇ ದಿನವೇ ಜೋಕ್ ಹೊಡೆದರೆ ನೋಡುವವರಿಗೆ ಕಸಿವಿಸಿ. ಊರಿಗೆ ಕಳಿಸಿ, ಫೋನಿನಲ್ಲಿ ಇಟ್ಟುಕೊಳ್ಳಿ. ಈ ಕಡೆಯ ಮಾತು ಮಾತ್ರ ಕೇಳಿಸಿದರೆ ಸಾಕು, ಆ ಕಡೆ ಅತ್ತೆ ಏನಂದರು ಅನ್ನುವುದನ್ನು ಸೊಸೆಯ ಮುಖವೇ ಹೇಳುತ್ತದೆ. ಹೊಸಬರನ್ನು ಹಾಕಲೇಬೇಕಾದರೆ ಸೋಮವಾರ, ‘ಇನ್ನು ಮುಂದೆ ಈ ಪಾತ್ರದಲ್ಲಿ’ ಅನ್ನುವ ಕಾರ್ಡ್ ಹಾಕಿ, ಸ್ಲೋ ಮೋಷನ್ ಎಂಟ್ರಿ ಇಲ್ಲದೆ ನೇರ ಅಡುಗೆಮನೆ ಜಗಳಕ್ಕೆ ಇಳಿಸುವುದು. ಅದಕ್ಕೂ ಮುಂಚೆ ಅವರ ಪಾತ್ರದ ಕಾಲಂ ಪೂರ್ತಿ ಪ್ರಿಂಟ್ ತೆಗೆದು ಕೈಗೆ ಕೊಡಬೇಕು. ಇಲ್ಲದಿದ್ದರೆ, ಇಷ್ಟು ವರ್ಷ ಯಾರಿಗೆ ಯಾವ ಸುಳ್ಳು ಹೇಳಿದ್ದೀನಿ ಅಂತ ತಿಳಿಯದೆ ಅವರು ಮೊದಲ ಸೀನಿನಲ್ಲಿ ಎಲ್ಲರಿಗೂ ಒಂದೇ ಥರ ಮುಖ ಕೊಡುತ್ತಾರೆ.