ಒಂದನ್ನು ತೆಗೆಯಲು ಇನ್ನೊಂದನ್ನು ಸರಿಸದಂತೆ: ಪುಟ್ಟ ವ್ಯಾನಿನಲ್ಲಿ ಐದು ಜನರ ಸಾಮಾನು ಜೋಡಿಸಿದ ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಸಾಮಾನು ಎಲ್ಲಿರಬೇಕೆಂದು ತೀರ್ಮಾನಿಸುವುದೇ ನನ್ನ ಹೊಟ್ಟೆಪಾಡು. ಆದರೂ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅಮ್ಮನನ್ನು ನಮ್ಮ ಓಮ್ನಿ ವ್ಯಾನಿನಲ್ಲಿ ಕೂರಿಸಿಕೊಂಡು ಮೊದಲ ಸಲ ತಲಕಾಡಿಗೆ ಹೋದ ದಿನ ನನ್ನ ಕಸುಬಿನ ಮಾನ ಹೋಯಿತು. ದಾರಿಯಲ್ಲಿ ಮಳೆ ಹಿಡಿಯಿತು. ಕೊಡೆಯೊಂದನ್ನು ಹೊರತೆಗೆಯುವುದಕ್ಕಾಗಿ ಹಾಸಿಗೆಯ ಸುರುಳಿ, ನೀರಿನ ಕ್ಯಾನು, ಒಲೆ ಮತ್ತು ಎರಡು ಬಟ್ಟೆಯ ಚೀಲಗಳನ್ನು ಒಂದೊಂದಾಗಿ ರಸ್ತೆಯ ಬದಿಗೆ ಇಳಿಸಬೇಕಾಯಿತು. ಕೊಡೆ ಕೈಗೆ ಸಿಗುವ ಹೊತ್ತಿಗೆ ಹಾಸಿಗೆ ತೊಯ್ದು ತೊಪ್ಪೆಯಾಗಿತ್ತು. "ಇಷ್ಟು ವರ್ಷ ಕಾರ್ಖಾನೆಯಲ್ಲಿ ಏನಪ್ಪಾ ಜೋಡಿಸಿದೆ ನೀನು?" ಎಂದು ಅಮ್ಮ ಕೇಳಿದ ಪ್ರಶ್ನೆಗೆ ಆಗ ನನ್ನ ಬಳಿ ಉತ್ತರವಿರಲಿಲ್ಲ.

ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ನಮ್ಮದು ಅದಾದ ಬಳಿಕ ಸೆಕೆಂಡ್ ಹ್ಯಾಂಡ್ ಕೊಂಡ ಐದು ಸೀಟಿನ ಗಾಡಿ. ಅದರ ಎಂಜಿನ್ 796 ಸಿಸಿಯದು, ಅದೂ ಮುಂದಿನ ಸೀಟುಗಳ ಕೆಳಗೇ ಕುಳಿತಿರುತ್ತದೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ಬೇರೆ ಕಾರುಗಳಲ್ಲಿ ಸೀಟಿನ ಕೆಳಗೆ ಸಿಗುವ ಜಾಗ ಇದರಲ್ಲಿಲ್ಲ, ಮೇಲಾಗಿ ಅಲ್ಲಿಯ ಕಾವು ಸುತ್ತಮುತ್ತಲಿನ ತಗಡಿಗೂ ಹರಡುತ್ತದೆ. ಮುಂದಿನ ಸೀಟಿನ ಬೆನ್ನಿಗೆ ಒರಗಿಸಿಟ್ಟಿದ್ದ ಚೀಲದಲ್ಲಿ ಮಕ್ಕಳ ಚಾಕೊಲೇಟು ಕರಗಿ ಅಮ್ಮನ ಬಿಪಿ ಮಾತ್ರೆಯ ಹಾಳೆಗಳಿಗೆ ಮೆತ್ತಿಕೊಂಡ ಮೇಲೆಯೇ ನಾನು ಈ ಸಂಗತಿಯನ್ನು ಗಂಭೀರವಾಗಿ ಪರಿಗಣಿಸಿದ್ದು. ಈಗ ಔಷಧಿಯ ಚೀಲ ಹಿಂದಿನ ಸೀಟಿನ ಪಕ್ಕದಲ್ಲಿ, ಬಿಸಿಲು ಬೀಳದ ಕಡೆ, ಅಮ್ಮನ ಕೈಗೆಟಕುವಷ್ಟು ಎತ್ತರದಲ್ಲಿ ಕೊಕ್ಕೆಯಿಂದ ನೇತಾಡುತ್ತದೆ.

ಮೊದಲಿಗೆ ಗಾಡಿಯ ಒಳಗೆ ಏನನ್ನೂ ಬೆಸುಗೆ ಹಾಕಿಸುವುದಿಲ್ಲ, ಸೀಟನ್ನು ಕಳಚಿ ಎಸೆಯುವುದಿಲ್ಲ ಎಂದು ನಿಶ್ಚಯಿಸಿಕೊಂಡೆವು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ದಾಖಲಾದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕಾನೂನು ಹಾಗಿರಲಿ, ವಾರದ ಆರು ದಿನ ಇದೇ ಗಾಡಿಯಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ಅಕ್ಕಿ ಮೂಟೆ ಮನೆಗೆ ಬರಬೇಕು. ಹೀಗಾಗಿ ಇಬ್ಬರು ಸೇರಿ ಹತ್ತು ನಿಮಿಷದಲ್ಲಿ ಒಳಗಿಟ್ಟು, ಅಷ್ಟೇ ಸಮಯದಲ್ಲಿ ಹೊರತೆಗೆಯಬಹುದಾದ ಒಂದು ಮರದ ಪೆಟ್ಟಿಗೆ ಮಾತ್ರ ನಮಗೆ ಬೇಕಾಗಿತ್ತು.

ಆ ಪೆಟ್ಟಿಗೆಯನ್ನು ನಾವು ಎರಡು ಸಲ ಮಾಡಿಸಿದೆವು. ಮೊದಲ ಸಲ ಬಡಗಿ ಗಟ್ಟಿಯಾಗಿರಲಿ ಎಂದು 18 ಎಂಎಂ ಪ್ಲೈವುಡ್ ಹಾಕಿದ. ಎಂಟಡಿ ಉದ್ದ, ನಾಲ್ಕಡಿ ಅಗಲದ ಅಂಥ ಒಂದು ಹಾಳೆಯೇ ಸುಮಾರು 35 ಕಿಲೋ ತೂಗುತ್ತದೆ, 12 ಎಂಎಂ ಹಾಳೆಯಾದರೆ 23 ಕಿಲೋದ ಆಸುಪಾಸು. ಪುಟ್ಟ ಎಂಜಿನ್ನಿನ ಗಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ತೂಕಕ್ಕಿಂತ ದೊಡ್ಡ ತಪ್ಪು ನನ್ನದೇ ಆಗಿತ್ತು. ಮನೆಯ ಟ್ರಂಕಿನ ಹಾಗೆ ಮೇಲಕ್ಕೆ ತೆರೆಯುವ ಮುಚ್ಚಳ ಇಡಿಸಿದ್ದೆ. ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಬಟ್ಟೆಯ ಚೀಲ ಬಂದು ಕುಳಿತವು, ಅಲ್ಲಿಗೆ ಮುಚ್ಚಳವಿದ್ದೂ ಇಲ್ಲದಂತಾಯಿತು. ಒಂದು ಸೌಟು ಬೇಕಾದರೂ ಮೇಲಿನದನ್ನೆಲ್ಲ ಎತ್ತಿ ಸೀಟಿನ ಮೇಲೆ ಹಾಕಬೇಕು, ಸೀಟಿನ ಮೇಲಿದ್ದವರು ಇಳಿಯಬೇಕು. ಎರಡನೆಯ ಸಲ 12 ಎಂಎಂ ಹಾಳೆಯಲ್ಲಿ, ಮುಚ್ಚಳವೇ ಇಲ್ಲದೆ, ಡಿಕ್ಕಿಯ ಬಾಗಿಲ ಕಡೆಗೆ ಬಾಯಿ ತೆರೆದ ಮೂರು ಖಾನೆಗಳ ಗೂಡು ಮಾಡಿಸಿದೆವು. ಹಿಂಬಾಗಿಲು ಎತ್ತಿದರೆ ಮೂರೂ ಖಾನೆಗಳು ಎದುರಿಗೇ ಕಾಣುತ್ತವೆ, ಮೇಲೆ ಏನೇ ಇದ್ದರೂ ಕೆಳಗಿನ ವಸ್ತುವಿಗೆ ಅಡ್ಡಿಯಾಗುವುದಿಲ್ಲ. ಪ್ರತಿಯೊಂದು ವಸ್ತುವಿನ ಜಾಗವನ್ನು ಅಂದಿನಿಂದ ನಾನು ಪರೀಕ್ಷಿಸುವುದು ಒಂದೇ ಪ್ರಶ್ನೆಯಿಂದ: ಇದನ್ನು ತೆಗೆಯಲು ಬೇರೆ ಎಷ್ಟು ವಸ್ತುಗಳನ್ನು ಸರಿಸಬೇಕು? ಉತ್ತರ ಸೊನ್ನೆಯಾಗಿರಬೇಕು, ಅಪರೂಪದ ಸಾಮಾನಿಗೆ ಒಂದು ಆಗಬಹುದು.

ಖಾನೆಗಳಿಗೆ ಡ್ರಾಯರ್ ಚಾನೆಲ್, ಅಂದರೆ ಡ್ರಾಯರು ಜಾರುವ ಲೋಹದ ಹಳಿ, ಹಾಕಿಸುವ ಆಸೆಯೂ ನನಗಿತ್ತು, ಹಾಕಿಸಿಯೂ ನೋಡಿದೆ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಆ ಡ್ರಾಯರುಗಳು ತಾವಾಗಿಯೇ ಹಿಂದಕ್ಕೆ ಜಾರಿ ಡಿಕ್ಕಿಯ ಬಾಗಿಲಿಗೆ ಬಡಿಯುತ್ತಿದ್ದವು, ಆ ಸದ್ದಿಗೆ ಕಿರಿಯ ಮಗ ಪ್ರತಿ ಸಲವೂ ಬೆಚ್ಚಿ ಏಳುತ್ತಿದ್ದ. ಊರಿಗೆ ಬಂದ ಮೇಲೆ ಅವನ್ನು ಬಿಚ್ಚಿಸಿ, ಬಂಡಿಪಾಳ್ಯದ ಎಪಿಎಂಸಿಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಕಂಡು ಅಂಥವೇ ಮೂರನ್ನು ಕೊಂಡು ತಂದೆ. ಅಂಚಿನಲ್ಲಿ ಹಿಡಿ ಇದೆ, ಗಾಳಿಯಾಡುತ್ತದೆ, ಕೊಳೆಯಾದರೆ ನಲ್ಲಿಯ ಕೆಳಗೆ ಹಿಡಿದರಾಯಿತು. ಖಾನೆಯ ಬಾಯಿಗೆ ಬೆರಳಗಲದ ಮರದ ಪಟ್ಟಿ ಹೊಡೆಸಿರುವುದರಿಂದ ಕ್ರೇಟು ತಾನಾಗಿ ಜಾರುವುದಿಲ್ಲ, ತುಸು ಎತ್ತಿ ಎಳೆದರೆ ಸಲೀಸಾಗಿ ಬರುತ್ತದೆ.

ಇಡೀ ಗೂಡನ್ನು ಲಾರಿಯವರು ಸರಕು ಬಿಗಿಯುವ ಬೆಲ್ಟಿನಿಂದ ಸೀಟಿನ ಕಬ್ಬಿಣದ ಕಾಲುಗಳಿಗೆ ಬಿಗಿಯುತ್ತೇವೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಒಮ್ಮೆ ತಿ. ನರಸೀಪುರದ ಸಮೀಪ ಎಮ್ಮೆಯೊಂದು ಅಡ್ಡ ಬಂದು ಗಕ್ಕನೆ ನಿಲ್ಲಿಸಬೇಕಾದಾಗ, ಹಿಂದೆ ಸುಮ್ಮನೆ ಇಟ್ಟಿದ್ದ ಪುಳಿಯೋಗರೆ ಗೊಜ್ಜಿನ ಸ್ಟೀಲ್ ಡಬ್ಬಿ ಸೀಟಿನ ಮೇಲಿಂದ ಹಾರಿ ಬಂದು ನನ್ನ ಭುಜಕ್ಕೆ ಬಡಿಯಿತು. ಬ್ರೇಕು ಹಿಡಿಯುವುದು ಗಾಡಿಯ ಚಕ್ರಕ್ಕೆ, ಡಬ್ಬಿಗಲ್ಲ. ಅದು ಮಗಳ ತಲೆಗೆ ಬಡಿದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೀಟಿನ ಬೆನ್ನಿನ ಎತ್ತರ ಮೀರಿ ಈಗ ನಾವು ಇಡುವುದು ದಿಂಬು ಮತ್ತು ಕಂಬಳಿಯನ್ನು ಮಾತ್ರ.

ತೂಕದ ವಿಷಯದಲ್ಲಿ ಕಣ್ಣಂದಾಜನ್ನು ನಂಬಬಾರದೆಂದು ಉಗ್ರಾಣದಲ್ಲಿ ಕಲಿತಿದ್ದೆ. ಮೇಲುಕೋಟೆಗೆ ಹೊರಟ ದಿನ ಬೆಳಿಗ್ಗೆ ಗಾಡಿಗೆ ಹಾಕುವ ಒಂದೊಂದು ವಸ್ತುವನ್ನೂ ಮನೆಯ ತಕ್ಕಡಿಯ ಮೇಲಿಟ್ಟು ಮಗಳಿಂದ ಬರೆಸಿದೆ. ಮೊತ್ತ 138 ಕಿಲೋ ಬಂತು. ಹೆಂಡತಿ ಅದನ್ನು ನೋಡಿ, "ರೀ, ಇದು ಅಮ್ಮನಂಥವರು ಇನ್ನಿಬ್ಬರ ತೂಕ ಕಣ್ರೀ" ಎಂದಳು. ಅದರಲ್ಲಿ 40 ಕಿಲೋ ಬರೀ ನೀರು, ಏಕೆಂದರೆ 20 ಲೀಟರಿನ ಎರಡು ಕ್ಯಾನುಗಳನ್ನು ತುಂಬಿಸಿಕೊಂಡಿದ್ದೆವು. ಮೈಸೂರು, ಮಂಡ್ಯ ಸೀಮೆಯಲ್ಲಿ ಹಳ್ಳಿಗಳಲ್ಲೂ ನಾಣ್ಯ ಹಾಕಿದರೆ ಸುರಿಯುವ ಶುದ್ಧ ನೀರಿನ ಘಟಕಗಳಿರುವಾಗ ಮನೆಯ ನೀರನ್ನು ಬೆಟ್ಟಕ್ಕೆ ಹೊರುವುದು ವ್ಯರ್ಥ ಶ್ರಮ. ಈಗ ಒಂದೇ ಕ್ಯಾನು, ಜೊತೆಗೆ ಆ ಘಟಕಗಳಿಗೆಂದೇ ಚಿಲ್ಲರೆಯ ಒಂದು ಪುಟ್ಟ ಡಬ್ಬಿ. ಹತ್ತಿಯ ಹಾಸಿಗೆ, ಕಬ್ಬಿಣದ ಬಾಣಲೆ, ಎರಡನೆಯ ಒಲೆ ಮನೆಯಲ್ಲೇ ಉಳಿದವು. ಮೊತ್ತ 80 ಕಿಲೋಗೆ ಇಳಿದಾಗ ಘಾಟಿಯಲ್ಲಿ ಸ್ಟೀರಿಂಗ್ ಮೊದಲಿನ ಹಾಗೆ ಹಗುರವಾಗಿ ತೇಲುವುದು ನಿಂತಿತು. ಹಿಂದಿನ ಚಕ್ರಗಳ ಆಚೆಗೆ ಭಾರ ಬಿದ್ದಷ್ಟೂ ಮುಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಆದ್ದರಿಂದ ನೀರಿನ ಕ್ಯಾನು ಡಿಕ್ಕಿಯಲ್ಲಿಲ್ಲ, ಹಿಂದಿನ ಸೀಟಿನ ಮುಂಭಾಗದಲ್ಲಿ, ಮಗನ ಕಾಲು ನೆಲಕ್ಕೆ ತಲುಪದ ಜಾಗದಲ್ಲಿ, ಬೆಲ್ಟಿನಿಂದ ಬಿಗಿದು ಕುಳಿತಿರುತ್ತದೆ.

ಅಡುಗೆಯ ಕ್ರೇಟನ್ನು ನಾನು ಜೋಡಿಸುವುದಿಲ್ಲ, ಹೆಂಡತಿ ಜೋಡಿಸುತ್ತಾಳೆ. ಒಂದು ದಿನದ ಪ್ರಯಾಣವಾದರೆ ಒಲೆಯೇ ಬೇಡವೆಂಬುದು ಅವಳ ತೀರ್ಮಾನ, ನಾನೂ ಅದನ್ನು ಒಪ್ಪುತ್ತೇನೆ. ಹುಣಸೆಹಣ್ಣು ಮತ್ತು ಎಣ್ಣೆ ಚೆನ್ನಾಗಿ ಬಿದ್ದ ಪುಳಿಯೋಗರೆ ಮಾರನೆಯ ದಿನಕ್ಕೂ ಕೆಡುವುದಿಲ್ಲ. ಅನ್ನಕ್ಕೆ ಹಾಲು ಹೆಚ್ಚಾಗಿ, ಮೊಸರು ಒಂದು ಚಮಚ ಹಾಕಿ ಬೆಳಿಗ್ಗೆ ಕಲಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹದವಾದ ಮೊಸರನ್ನವಾಗಿರುತ್ತದೆ. ರಾತ್ರಿ ತಂಗುವುದಿದ್ದರೆ ಮಾತ್ರ ಒಂಟಿ ಒಲೆ, ಪುಟ್ಟ ಸಿಲಿಂಡರು ಮತ್ತು ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಗಾಡಿಯ ನೆಲದಲ್ಲೇ ಮಡುಗಟ್ಟುತ್ತದೆ. ಹೀಗಾಗಿ ಪ್ರಯಾಣದಲ್ಲಿ ರೆಗ್ಯುಲೇಟರನ್ನು ಕಳಚಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟುತ್ತೇವೆ, ನಿಂತ ಕೂಡಲೇ ಮೊದಲು ಅದನ್ನೇ ಹೊರಗಿಡುತ್ತೇವೆ. ಮಳೆ ಬಂದರೂ ಗಾಡಿಯೊಳಗೆ ಒಲೆ ಹಚ್ಚುವುದಿಲ್ಲ. ಅಂಥ ರಾತ್ರಿಗಳಲ್ಲಿ ಅವಲಕ್ಕಿ ನೆನೆಸಿ ತಿಂದಿದ್ದೇವೆ, ಯಾರೂ ಬಡವಾಗಲಿಲ್ಲ.

ಮಕ್ಕಳ ಸಾಮಾನಿಗೆ ಉಗ್ರಾಣದ ಪದ್ಧತಿಯಂತೆ ಚೀಟಿ ಅಂಟಿಸಿದ್ದೆ. ಆಗ ಆರು ವರ್ಷದ ಮಗನಿಗೆ ಓದುವ ತಾಳ್ಮೆಯಿರಲಿಲ್ಲ, ಓದಲು ಬರುವ ಮಗಳಿಗೆ ಚೀಟಿಯನ್ನು ಕಿತ್ತು ತಮ್ಮನ ಚೀಲಕ್ಕೆ ಅಂಟಿಸುವುದರಲ್ಲಿ ಸಂತೋಷ. ಚೀಟಿ ಬಿಟ್ಟು ಬಣ್ಣಕ್ಕೆ ಬಂದೆವು. ಸಂತೆಪೇಟೆಯಲ್ಲಿ ಒಂದೇ ಅಳತೆಯ ಐದು ಬಟ್ಟೆಚೀಲಗಳನ್ನು ಕೊಂಡೆವು, ಐದಕ್ಕೂ ಬೇರೆ ಬೇರೆ ಬಣ್ಣ. ಚೀಲದಲ್ಲಿ ಹಿಡಿಸಿದಷ್ಟೇ ಬಟ್ಟೆ, ಅವರವರ ಚೀಲವನ್ನು ಅವರವರೇ ಹೊರಬೇಕು. ಅಮ್ಮನ ಹಸಿರು ಚೀಲದಲ್ಲಿ ಮಾತ್ರ ಎಲೆಅಡಿಕೆಯ ಡಬ್ಬಿಗೂ ಜಾಗವಿರಬೇಕೆಂಬುದು ಒಪ್ಪಂದ.

ಒದ್ದೆ ಬಟ್ಟೆಗೆ ಬೇರೆಯದೇ ವ್ಯವಸ್ಥೆ ಬೇಕು, ಶ್ರೀರಂಗಪಟ್ಟಣದ ಸಂಗಮದಲ್ಲಿ ಮಿಂದು ಬಂದವರ ಟವೆಲ್ಲುಗಳು ಒಂದು ಗಂಟೆಯಲ್ಲಿ ಇಡೀ ಗಾಡಿಯನ್ನು ಮುಗ್ಗಲು ವಾಸನೆ ಮಾಡುತ್ತವೆ. ಬಿಗಿ ಮುಚ್ಚಳದ ಬಕೆಟ್ಟೊಂದು ಈ ಕೆಲಸಕ್ಕೆ ಮೀಸಲು. ಅದರಲ್ಲಿ ತುಸು ನೀರು, ಸೋಪಿನ ಪುಡಿ ಹಾಕಿ ಮುಚ್ಚಿದರೆ ದಾರಿಯ ಕುಲುಕಾಟಕ್ಕೆ ಬಟ್ಟೆ ಅರ್ಧ ಒಗೆದಂತೆಯೇ ಆಗಿರುತ್ತದೆ, ಊರಿಗೆ ಬಂದು ಜಾಲಿಸಿದರೆ ಸಾಕು.

ಎಲ್ಲಿಗೆ ಹೋಗುತ್ತೇವೆ ಎಂಬುದರ ಮೇಲೆ ಕೈಗೆಟಕುವ ಚೀಲದಲ್ಲಿ ಏನಿರಬೇಕೆಂಬುದು ನಿರ್ಧಾರವಾಗುತ್ತದೆ. ಊಟಿಯ ಕಡೆಗೆ ಹೊರಟರೆ ಬಂಡೀಪುರದ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷಿದ್ಧ, ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಡಿಕ್ಕಿ ತೆಗೆಯುವ ಪ್ರಶ್ನೆಯೇ ಇಲ್ಲದ ಈ ಹಾದಿಗೆ ಗುಂಡ್ಲುಪೇಟೆಯಲ್ಲೇ ನಿಂತು ತಯಾರಾಗುತ್ತೇವೆ. ನೀರು, ಕೋಡುಬಳೆಯ ಡಬ್ಬಿ, ಘಾಟಿಯಲ್ಲಿ ವಾಂತಿಯಾದರೆ ಬೇಕಾಗುವ ಕಾಗದದ ಚೀಲ, ನಿಂಬೆಹಣ್ಣು, ಒಂದು ಟವೆಲ್ಲು ಎಲ್ಲವೂ ಸೀಟಿನ ಬೆನ್ನಿನ ಜೇಬಿಗೆ ಬರುತ್ತವೆ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿರ್ಬಂಧವಿರುವುದರಿಂದ ನಮ್ಮವೆಲ್ಲ ಸ್ಟೀಲ್ ಬಾಟಲಿಗಳು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಾದರೆ ಗಾಡಿಯನ್ನು ತಪ್ಪಲಿನಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. ಅಲ್ಲಿಗೆ ಹೋಗುವ ದಿನ ಸ್ವೆಟರು, ನೀರು, ಅಮ್ಮನ ಮಾತ್ರೆ ಇರುವ ಒಂದು ಹೆಗಲಚೀಲವನ್ನು ಮನೆಯಲ್ಲೇ ಪ್ರತ್ಯೇಕವಾಗಿ ಕಟ್ಟಿರುತ್ತೇವೆ.

ರಾತ್ರಿ ಅಮ್ಮ ಮತ್ತು ಮಕ್ಕಳು ಗಾಡಿಯೊಳಗೆ, ನಾವಿಬ್ಬರು ಪಕ್ಕದಲ್ಲಿ ಹಾಕಿದ ಟೆಂಟಿನಲ್ಲಿ ಮಲಗುತ್ತೇವೆ. ಛತ್ರದ ಅಂಗಳವಾಗಲಿ ಪರಿಚಯದವರ ತೋಟವಾಗಲಿ, ಕೇಳಿ ಅನುಮತಿ ಪಡೆದ ಜಾಗದಲ್ಲಿ ಮಾತ್ರ ತಂಗುತ್ತೇವೆ. ಹಿಂದಿನ ಸೀಟನ್ನು ಮಡಚಿದಾಗ ಬರುವ ಎತ್ತರಕ್ಕೆ ಸರಿಯಾಗಿಯೇ ಗೂಡನ್ನು ಮಾಡಿಸಿರುವುದರಿಂದ ಎರಡೂ ಸೇರಿ ಒಂದೇ ಮಟ್ಟದ ಹಾಸು ಆಗುತ್ತದೆ. ಅದರ ಮೇಲೆ ಎರಡಂಗುಲ ದಪ್ಪದ ಫೋಮಿನ ಮೂರು ತುಂಡುಗಳು, ಮೇಲೊಂದು ಜಮಖಾನ. ಮೂವರ ಉಸಿರಿಗೆ ಬೆಳಗಿನ ಜಾವ ಗಾಜಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡ ಮೇಲೆ, ಚಳಿಯಿದ್ದರೂ ಎರಡು ಬದಿಯ ಕಿಟಕಿಗಳನ್ನು ಬೆರಳೆರಡರಷ್ಟು ತೆರೆದಿಡುತ್ತೇವೆ. ಸೊಳ್ಳೆಪರದೆಯ ತುಂಡನ್ನು ಹೊರಗಿನಿಂದ ಬಾಗಿಲ ತಗಡಿಗೆ ಅಯಸ್ಕಾಂತದ ಬಿಲ್ಲೆಗಳಿಂದ ಅಂಟಿಸಿದರೆ ಹೊಲಿಗೆಯೂ ಬೇಡ, ಮೊಳೆಯೂ ಬೇಡ. ಬೆಳಕಿಗೆ ಚಾರ್ಜಿನ ದೀಪ, ಗಾಳಿಗೆ ಪವರ್ ಬ್ಯಾಂಕಿನಿಂದ ತಿರುಗುವ ಪುಟ್ಟ ಫ್ಯಾನು ಸಾಕಾಗುತ್ತವೆ.

ಮನೆಗೆ ಬಂದ ರಾತ್ರಿ, ಎಷ್ಟೇ ದಣಿವಿದ್ದರೂ, ತಿಂಡಿ, ಹಿಟ್ಟು ಮತ್ತು ಒದ್ದೆ ಬಕೆಟ್ಟನ್ನು ಇಳಿಸದೆ ಮಲಗುವುದಿಲ್ಲ. ರಾಗಿಹಿಟ್ಟನ್ನು ಒಮ್ಮೆ ಮರೆತು ಮೂರು ವಾರಗಳ ಬಳಿಕ ಹುಳುಗಳ ಸಮೇತ ತೆಗೆದಿದ್ದೇವೆ. ಮಿಕ್ಕ ಕ್ರೇಟುಗಳು ತುಂಬಿದಂತೆಯೇ ಅಟ್ಟ ಸೇರುತ್ತವೆ. ಮಾರನೆಯ ದಿನ ನೋಟ್‌ಬುಕ್ಕಿನ ಪಟ್ಟಿಯಲ್ಲಿ ಬಳಕೆಯಾಗದ ವಸ್ತುಗಳ ಮುಂದೆ ಒಂದು ಗೆರೆ ಎಳೆಯುತ್ತೇನೆ. ಮೂರು ಗೆರೆ ಬಿದ್ದದ್ದು ಉಗ್ರಾಣದ ಭಾಷೆಯಲ್ಲಿ ಡೆಡ್ ಸ್ಟಾಕ್, ಅಂದರೆ ಬಳಕೆಯಿಲ್ಲದೆ ಬಿದ್ದಿರುವ ಸರಕು, ಅದು ಮುಂದಿನ ಸಲ ಬರುವುದಿಲ್ಲ. ಪ್ರಥಮ ಚಿಕಿತ್ಸೆಯ ಡಬ್ಬಿ, ಜಾಕಿ ಮತ್ತು ಎಳೆಯುವ ಹಗ್ಗಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ನನ್ನ ಮಡಚುವ ಕುರ್ಚಿ ಹೀಗೆಯೇ ಪಟ್ಟಿಯಿಂದ ಹೊರಬಿತ್ತು, ಅಮ್ಮನ ಹಿತ್ತಾಳೆಯ ಚೊಂಬು ಪ್ರತಿ ಸಲವೂ ಉಳಿದುಕೊಳ್ಳುತ್ತದೆ.

ಈ ಬೇಸಿಗೆಯಲ್ಲಿ ಹೊಸ ಲೆಕ್ಕವೊಂದು ಎದುರಾಗಿದೆ. ಹಾಸಿನ ಉದ್ದ ಐದೂವರೆ ಅಡಿ, ಮಗಳ ಎತ್ತರ ಐದಡಿ ದಾಟಿದೆ, ಅವಳು ಕಾಲು ಚಾಚಿದರೆ ಡಿಕ್ಕಿಯ ಬಾಗಿಲಿಗೆ ತಾಗುತ್ತದೆ. ಮುಂದಿನ ಸೀಟುಗಳ ಬೆನ್ನಿನ ಕಡೆಗೆ ಕೀಲಿನ ಮೇಲೆ ಮಡಚಿಕೊಳ್ಳುವ ಒಂಬತ್ತು ಅಂಗುಲದ ಹಲಗೆಯನ್ನು ಈ ಹಾಸಿನ ತುದಿಗೆ ಸೇರಿಸಬಹುದೇ ಎಂದು ಅಳತೆ ಹಿಡಿಯುತ್ತಿದ್ದೇನೆ. ಆ ಹಲಗೆ ಬಂದರೆ ನೀರಿನ ಕ್ಯಾನು ರಾತ್ರಿ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕ್ಯಾನಿನ ಜಾಗವನ್ನು ಮೊದಲು ಹುಡುಕಬೇಕಾಗಿದೆ.