ಬಾಸ್ಕೆಟ್‌ಬಾಲ್ ನನಗೆ ಕೆಲಸ ಕೊಟ್ಟದ್ದು ಹೀಗೆ

ಹಾಸನದಲ್ಲಿ ಈಗ ಬೆಳಿಗ್ಗೆ ಹೊತ್ತು ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ಮಗಳನ್ನು ಬಿಡಲು ಬರುವ ಅಪ್ಪ-ಅಮ್ಮಂದಿರು ಕೇಳುವುದು ಒಂದೇ: "ಮೇಡಂ, ಇದರಿಂದ ಹೊಟ್ಟೆ ತುಂಬುತ್ತಾ?" ತುಂಬುತ್ತದೆ. ನನ್ನದು ತುಂಬಿದೆ. ಆದರೆ ಟಿವಿಯಲ್ಲಿ ಕಾಣುವ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ದಾರಿ ನಮ್ಮದಲ್ಲ.

ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲನ್ನೇ ನಂಬಿ ಬದುಕಿದವರಲ್ಲಿ ಹೆಚ್ಚಿನವರು ಯಾವುದಾದರೂ ಇಲಾಖೆಯ ನೌಕರರು. ಗಂಡಸರಿಗೆ ಸೇನೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಅಂತ ನಾಲ್ಕಾರು ದಾರಿ. ಹೆಣ್ಣುಮಕ್ಕಳಿಗೆ ದೊಡ್ಡ ದಾರಿ ರೈಲ್ವೆ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿದವರು, 2011ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಲೀಗ್ ಡಬ್ಲ್ಯೂಎನ್‌ಬಿಎ ಟ್ರಯಲ್ಸ್‌ಗೂ ಹೋದವರು. ಅವರೂ ದಕ್ಷಿಣ ರೈಲ್ವೆಯ ನೌಕರರೇ.

ಆಟದಲ್ಲಿ ನಾನು ಗಾರ್ಡ್, ಅಂದರೆ ಚೆಂಡನ್ನು ಮುಂದಕ್ಕೆ ಒಯ್ದು ಪಾಸ್ ಕೊಡುವವಳು, ಆಗಿದ್ದಕ್ಕೆ ನಮ್ಮೂರ ಮಳೆ ಕಾರಣ. ಶಾಲೆಯದು ಸಿಮೆಂಟ್ ಕೋರ್ಟು. ಜೂನ್ ಬಂತೆಂದರೆ ಸೋನೆ ಹಿಡಿದು ಮೂಲೆ ಮೂಲೆಗೆ ಪಾಚಿ ಕಟ್ಟುತ್ತಿತ್ತು. ಪಿಟಿ ಮೇಷ್ಟ್ರು ನಮ್ಮನ್ನು ವರಾಂಡಕ್ಕೆ ಕರೆದು, ಮಂಡಿ ಬಗ್ಗಿಸಿ ನಿಲ್ಲಿಸಿ, ಎಡಗೈಯಲ್ಲಿ ಡ್ರಿಬಲ್ ಮಾಡಿಸುತ್ತಿದ್ದರು, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುವುದು. ಚೆಂಡು ಮಂಡಿಗಿಂತ ಮೇಲೆ ಏಳಬಾರದು, ಕಣ್ಣು ಚೆಂಡಿನ ಕಡೆ ಹೋಗಬಾರದು. ಅವರು ಎದುರಿಗೆ ನಿಂತು ಬೆರಳು ತೋರಿಸುತ್ತಿದ್ದರು, ಎಷ್ಟು ಅಂತ ನಾವು ಕೂಗಬೇಕು. ಅಲ್ಲಿದ್ದದ್ದು ಗಂಡುಮಕ್ಕಳ 7ನೇ ಸೈಜಿನ ಚೆಂಡು. ಹೆಣ್ಣುಮಕ್ಕಳ ಪಂದ್ಯಕ್ಕೆ 6ನೇ ಸೈಜು, ಅದು ಚಿಕ್ಕದು, ಹಗುರ. ಮೊದಲ ಸಲ ಅದು ಕೈಗೆ ಬಂದಾಗ ಹೇಳಿದ ಮಾತು ಕೇಳುವ ಹಾಗಿತ್ತು.

ನನಗೆ ಎತ್ತರ ಇರಲಿಲ್ಲ. 3.05 ಮೀಟರ್ ಮೇಲಿರುವ ರಿಂಗಿನ ಕೆಳಗೆ ಉದ್ದನೆಯವರೇ ಆಡಲಿ, ಅವರಿಗೆ ಸರಿಯಾದ ಹೊತ್ತಿಗೆ ಚೆಂಡು ಮುಟ್ಟಿಸುವುದು ನನ್ನ ಕೆಲಸ ಅಂದುಕೊಂಡೆ. 8 ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಬೇಕು, 24ರೊಳಗೆ ಶಾಟ್ ಹೋಗಬೇಕು. ಈ ಲೆಕ್ಕ ತಲೆಯಲ್ಲಿ ಸದಾ ಓಡುತ್ತಿರಬೇಕು.

ಆಮೇಲೆ ಸರ್ಕಾರಿ ಕ್ರೀಡಾ ಹಾಸ್ಟೆಲ್ಲು, ರಾಜ್ಯ ಜೂನಿಯರ್ ತಂಡ, ಯೂನಿವರ್ಸಿಟಿ ತಂಡ. ಡಿಗ್ರಿ ಮುಗಿಯುವಷ್ಟರಲ್ಲಿ ರೈಲ್ವೆಯ ಕ್ರೀಡಾ ಕೋಟಾ ಕರೆ ಬಂತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ವಯಸ್ಸು 18ರಿಂದ 25. ಒಟ್ಟು 100 ಅಂಕದಲ್ಲಿ ಆಡಿದ ಟೂರ್ನಿಗಳಿಗೆ 50, ಓದಿಗೆ 10, ಟ್ರಯಲ್‌ಗೆ 40. ಟ್ರಯಲ್‌ನಲ್ಲಿ 25 ಬರದಿದ್ದರೆ ಎಷ್ಟು ಪದಕ ಇದ್ದರೂ ಮುಂದಕ್ಕೆ ಬಿಡುವುದಿಲ್ಲ. ಹಳೇ ಸರ್ಟಿಫಿಕೇಟ್ ನಡೆಯುವುದಿಲ್ಲ, ಈಚಿನ ಎರಡು-ಮೂರು ವರ್ಷದ ಸಾಧನೆಯೇ ಲೆಕ್ಕ.

ಟ್ರಯಲ್ ಪಂದ್ಯದಲ್ಲಿ ಎಲ್ಲರಿಗೂ ತಾವೇ ಬಾಸ್ಕೆಟ್ ಹಾಕುವ ಆತುರ. ನಾನು ಕೋರ್ಟಿಗೆ ಇಳಿಯುವ ಮೊದಲೇ ನಮ್ಮ ಕಡೆಯ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಹುಡುಗಿಯ ಹತ್ತಿರ ಹೋಗಿ, "ನಿಂಗೆ ಯಾವ ಕೈಗೆ ಚೆಂಡು ಬೇಕು?" ಅಂತ ಕೇಳಿದೆ. ಎಡಗೈಗೆ ಅಂದಳು. ಆವತ್ತು ಅವಳಿಗೆ ಹೋದ ಪಾಸೆಲ್ಲ ಎಡಗಡೆಗೇ ಹೋದವು. ಅವಳು ಹಾಕುತ್ತಾ ಹೋದಳು. ಬದಿಯಲ್ಲಿ ಕೂತ ಕೋಚ್‌ಗಳು ಪಾಸ್ ಕೊಟ್ಟವಳನ್ನೂ ನೋಡುತ್ತಾರೆ. ನಮ್ಮಿಬ್ಬರಿಗೂ ಕೆಲಸ ಆಯಿತು.

ಕೆಲಸ ಎಂದರೆ ಕ್ಲರ್ಕ್ ಕೆಲಸ. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಆಫೀಸು, ಸಂಜೆ ಮತ್ತೆ ಕೋರ್ಟು. ಟೂರ್ನಿ, ಕ್ಯಾಂಪ್ ಇದ್ದರೆ ವಿಶೇಷ ರಜೆ. ತಿಂಗಳ ಸಂಬಳ ನಿಲ್ಲುವುದಿಲ್ಲ ಅನ್ನುವ ಧೈರ್ಯಕ್ಕೇ ಆಟ ಸುಧಾರಿಸಿತು, ನಿಜವಾಗಲೂ.

ಆ ಧೈರ್ಯ ಎಷ್ಟು ದೊಡ್ಡದು ಅಂತ ತಿಳಿದದ್ದು ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಾಗ. ರಿಂಗಿಗೆ ಬೀಳದೆ ವಾಪಸ್ ಪುಟಿದ ಚೆಂಡು ಹಿಡಿಯಲು (ರಿಬೌಂಡ್‌ಗೆ) ಹಾರಿ ಒಂದೇ ಕಾಲಲ್ಲಿ ಇಳಿದೆ, ಮಂಡಿ ಒಳಕ್ಕೆ ತಿರುಗಿತು. ಈ ಪೆಟ್ಟು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಜಾಸ್ತಿ ಬೀಳುತ್ತದೆ. ಆಪರೇಷನ್ ಆದ ಮೇಲೂ ಪಂದ್ಯಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಅಷ್ಟು ದಿನ ಆಟ ಇಲ್ಲದೆ ಕೂತಾಗಲೂ ಮನೆ ನಡೆಯಿತು. ಕೆಲಸ ಇಲ್ಲದ ಗೆಳತಿಯೊಬ್ಬಳು ಇದೇ ಪೆಟ್ಟಿಗೆ ಆಟವನ್ನೇ ಬಿಟ್ಟಳು. ನನಗಿಂತ ಒಳ್ಳೆಯ ಆಟಗಾರ್ತಿ ಅವಳು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ತಂಡದಿಂದ ನಿವೃತ್ತಿ ಆದಮೇಲೆ ಹಾಸನಕ್ಕೇ ವರ್ಗ ಸಿಕ್ಕಿತು. ನನ್ನ ಹತ್ತಿರ ಬರುವ ಹುಡುಗಿಯರಿಗೆ ಶಾಟ್‌ಗಿಂತ ಮೊದಲು ಇಳಿಯುವುದನ್ನು ಕಲಿಸುತ್ತೇನೆ. ಒಂದು ಮೆಟ್ಟಿಲಿನಿಂದ ಹಾರಿ ಎರಡೂ ಕಾಲಿನ ಮೇಲೆ ಇಳಿಯಬೇಕು, ಮಂಡಿ ಬಗ್ಗಬೇಕು, ಪಾದದ ನೇರಕ್ಕೇ ಇರಬೇಕು, ಸದ್ದು ಬರಬಾರದು. ವಾರಗಟ್ಟಲೆ ಇದೇ. ಮಕ್ಕಳಿಗೆ ಬೇಜಾರಾಗುತ್ತೆ, ಆದರೂ ಬಿಡುವುದಿಲ್ಲ. ಅಪ್ಪ-ಅಮ್ಮಂದಿರಿಗೆ ಹೇಳುವುದು ಎರಡೇ: ಪ್ರತಿ ಟೂರ್ನಿಯ ಸರ್ಟಿಫಿಕೇಟನ್ನೂ ಒಂದು ಫೈಲಿನಲ್ಲಿ ಜೋಪಾನ ಮಾಡಿ, ಡಿಗ್ರಿ ಬಿಡಿಸಬೇಡಿ. ಆ 10 ಅಂಕ ಅಲ್ಲಿಂದಲೇ ಬರಬೇಕು, ಮುಂದೆ ಆಟ ನಿಂತ ಮೇಲೆ ಬಡ್ತಿಗೂ ಅದೇ ಬೇಕು.